ವಂಶದ ಹಲ್ಲು

ನನ್ನ ಮದುವೆ ಆಲ್ಬಂನಲ್ಲಿ ಬಾಯಿ ಬಿಟ್ಟು ನಕ್ಕ ಫೋಟೊ ಒಂದೂ ಇಲ್ಲ. ಫೋಟೊಗ್ರಾಫರ್ "ಸ್ವಲ್ಪ ನಗಿ" ಅಂದಾಗಲೆಲ್ಲ ತುಟಿ ಬಿಗಿಹಿಡಿದಿದ್ದೆ. ಕಾರಣ, ಮುಂದಿನ ಹಲ್ಲುಗಳ ಮೇಲಿನ ಕಂದು ಗೆರೆ.

ನನ್ನ ತವರು ಹಿರಿಯೂರು ತಾಲೂಕಿನ ಒಂದು ಹಳ್ಳಿ. ಮೊದಲು ನೋಡಲು ಬಂದ ಹೊಸದುರ್ಗದ ಕಡೆಯವರು ಉಪ್ಪಿಟ್ಟು ತಿಂದು ಹೋದ ಮೇಲೆ ಹೇಳಿಕಳಿಸಿದ್ದರು: "ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಅವರಮ್ಮಂದೂ ಹಂಗೇ ಹಲ್ಲು. ವಂಶದಾಗೇ ಐತೆ, ನಾಳೆ ಮಕ್ಳಿಗೂ ಬರ್ತೈತೆ." ಅಮ್ಮ ಅವತ್ತು ಊಟ ಮಾಡಲಿಲ್ಲ. ನಾನೂ ಆ ಮಾತನ್ನು ನಂಬಿಬಿಟ್ಟೆ.

2019ರಲ್ಲಿ ಮಗಳು ಹತ್ತನೇ ಕ್ಲಾಸು. ಮೆಂಡಲ್‌ನ ಬಟಾಣಿ ಗಿಡದ ಪಾಠ ಓದುತ್ತಾ ಕೇಳಿದಳು: "ಅಮ್ಮ, ಪ್ರತಿ ಜೀವಕೋಶದಲ್ಲೂ 46 ಕ್ರೋಮೋಸೋಮು, ಅದರಲ್ಲಿ 23 ನಿಂದು. ಮತ್ತೆ ನನ್ನ ಹಲ್ಲು ಯಾಕೆ ಬೆಳ್ಳಗಿದೆ? ಚಿಕ್ಕಮ್ಮಂದೂ ಬೆಳ್ಳಗಿದೆಯಲ್ಲ?" ತಂಗಿ ಕೂಸಿನಿಂದ ನಾಲ್ಕನೇ ಕ್ಲಾಸಿನವರೆಗೆ ಹೊಳಲ್ಕೆರೆಯ ಅಜ್ಜಿ ಮನೆಯಲ್ಲಿ, ತೆರೆದ ಬಾವಿಯ ನೀರು ಕುಡಿದು ಬೆಳೆದವಳು.

ಮಗಳು ಮೇಷ್ಟ್ರನ್ನೂ ಕೇಳಿದಳು. "ಒಂದೇ ತಾಯಿಯ ಮಕ್ಕಳಿಗೂ ಜೀನ್ ಬೇರೆ ಬೇರೆ ಬರುತ್ತವೆ, ಅದೊಂದೇ ಸಾಕ್ಷಿ ಸಾಲದು. ಊರಲ್ಲಿ ಸಂಬಂಧವಿಲ್ಲದ ಮನೆಗಳಲ್ಲೂ ಹೀಗೇ ಇದೆಯಾ ನೋಡು" ಅಂದರಂತೆ. ನೋಡುವುದೇನು ಬಂತು! ನಮ್ಮ ಬೀದಿಗೆ ಬೀದಿಯೇ ಹಾಗಿತ್ತು. ಎಲ್ಲರೂ ಕುಡಿದದ್ದು ಒಂದೇ ಬೋರ್‌ವೆಲ್ ನೀರು.

ಕಲೆ ಮಾಡಿದ್ದು ಫ್ಲೋರೈಡ್. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಕಲ್ಲಿನಿಂದ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ಮುಂದಿನ ಶಾಶ್ವತ ಹಲ್ಲುಗಳ ಎನಾಮಲ್ ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ ವಸಡಿನೊಳಗೇ ಕಟ್ಟಿಕೊಳ್ಳುತ್ತದೆ. ಹೆಚ್ಚು ಫ್ಲೋರೈಡ್ ಸೇರಿದರೆ ಅದನ್ನು ಕಟ್ಟುವ ಜೀವಕೋಶಗಳ ಕೆಲಸ ಕೆಡುತ್ತದೆ. ಹಲ್ಲು ಹೊರಬರುವ ಹೊತ್ತಿಗೆ ಆ ಜೀವಕೋಶಗಳೇ ಉಳಿದಿರುವುದಿಲ್ಲ. ಹಾಗಾಗಿ ಕಲೆ ತಾನಾಗಿ ಹೋಗುವುದಿಲ್ಲ, ಆದರೆ ಮಕ್ಕಳಿಗೆ ದಾಟುವುದೂ ಇಲ್ಲ. ಮಗಳು ಬೆಳೆದದ್ದು ಚಿತ್ರದುರ್ಗದಲ್ಲಿ, ಶಾಂತಿಸಾಗರದ ನಲ್ಲಿ ನೀರು ಕುಡಿದು.

ಆ ಭಾನುವಾರವೇ ತವರಿಗೆ ಹೋದೆ. ತಮ್ಮನ ಮಗ ಆಗ ಎಂಟು ತಿಂಗಳ ಕೂಸು. ಅವನಿಗೆ ರಾಗಿ ಸರಿ ಮಾಡುತ್ತಿದ್ದುದು ಅದೇ ನೀರಿನಲ್ಲಿ. "ಚೆನ್ನಾಗಿ ಕಾಯಿಸ್ತೀನಿ ಅಕ್ಕ" ಅಂದಳು ತಮ್ಮನ ಹೆಂಡತಿ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚೇ ಆಗುತ್ತದೆ. ಅವತ್ತಿನಿಂದ ತಮ್ಮ ಪಕ್ಕದೂರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾನೆ, ಅಡುಗೆಗೂ ಅದೇ.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹಂಗಾರೆ ನಂದೇನೂ ತಪ್ಪಿರ್ಲಿಲ್ಲ ಅನ್ನು" ಅಂದರು. ಇಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ತಮ್ಮನ ಮಗನಿಗೆ ಈಗ ಆರು ದಾಟಿದೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಇಣುಕಿದೆ. ಬೆಳ್ಳಗಿದೆ.