ಕೊನೇ ಪಂಕ್ತಿ

ಕನ್ನಂಬಾಡಿಯಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯದ ಗದ್ದೆಗಳನ್ನು ತೋಯಿಸಿ, ಮದ್ದೂರು ಸೀಮೆ ಮುಟ್ಟುವಷ್ಟರಲ್ಲಿ ಸಣ್ಣಗಾಗುತ್ತದೆ. ಮಳವಳ್ಳಿಯ ಕೊನೇ ಭಾಗದ ಊರುಗಳಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮವ್ವ ಹುಟ್ಟಿದ್ದು ಅಂಥದೊಂದು ಊರಿನಲ್ಲಿ, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದ ಕೆಲವು ವರ್ಷಗಳ ಮೇಲೆ. ನಾಲೆಯನ್ನು ಆಗಿನ್ನೂ ಇರ್ವಿನ್ ನಾಲೆ ಎನ್ನುತ್ತಿದ್ದರು. ವಿಶ್ವೇಶ್ವರಯ್ಯನವರ ಹೆಸರು ಆಮೇಲಿನದು. ಕಟ್ಟು ನೀರಿನ ಸರದಿ ಬಂದ ರಾತ್ರಿ ಅವಳ ಅಪ್ಪ ಲಾಟೀನು ಹಿಡಿದು ತೂಬಿನ ಪಕ್ಕ ಕೂತು ಬೆಳಗು ಮಾಡುತ್ತಿದ್ದರಂತೆ. ಮೇಲಿನವರ ಗದ್ದೆ ತುಂಬಿ ಮಿಕ್ಕಿದ್ದು ತಮಗೆ. ಅದನ್ನು ನೋಡಿಕೊಂಡು ಬೆಳೆದವಳಿಗೆ, ಸಾಲಿನ ಕೊನೆಯಲ್ಲಿ ನಿಂತವರ ಹೊಟ್ಟೆಯ ಸಂಕಟವನ್ನು ಇನ್ನೊಬ್ಬರು ಹೇಳಿಕೊಡಬೇಕಿರಲಿಲ್ಲ.

ಅವಳ ತವರಿನವರು ಮಂಟೇಸ್ವಾಮಿ ಒಕ್ಕಲು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಧರೆಗೆ ದೊಡ್ಡವರೆಂದು ಕರೆಸಿಕೊಳ್ಳುವ ಆ ಮಂಟೇಸ್ವಾಮಿಯ ಗದ್ದುಗೆಯಿದೆ. ವರ್ಷಕ್ಕೊಮ್ಮೆಯಾದರೂ ನೀಲಗಾರರು ತಂಬೂರಿ, ಗಗ್ಗರ ತಂದು ಅವರ ಮನೆಯ ಜಗಲಿಯಲ್ಲಿ ರಾತ್ರಿಯಿಡೀ ಕತೆ ಮಾಡುತ್ತಿದ್ದರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿ ಪಾಂಚಾಳರ ಕೈಲಿ ಪಟ್ಟ ಪಾಡು ಬಂದಾಗ ಮಕ್ಕಳೆಲ್ಲ ಎದ್ದು ಕೂರುತ್ತಿದ್ದರಂತೆ. ಆ ಹಲಗೂರು ಅವರ ಕಣ್ಣಳತೆಯ ಊರು. ಅವ್ವನ ಮನಸ್ಸಿನಲ್ಲಿ ಕೂತದ್ದು ಕಲ್ಯಾಣದ ಸಾಲು. ಬಸವಣ್ಣನ ಮನೆಯಲ್ಲಿ ದಿನವೂ ಸಾವಿರಾರು ಜಂಗಮರಿಗೆ ಊಟ. ಅಲ್ಲಿಗೆ ನೋಡಲಾಗದಷ್ಟು ಕೊಳಕು ವೇಷದಲ್ಲಿ ಮಂಟೇಸ್ವಾಮಿ ಬರುತ್ತಾರೆ. ಬಾಗಿಲಲ್ಲಿದ್ದವರು ತಡೆಯುತ್ತಾರೆ, ಅಟ್ಟುತ್ತಾರೆ. ಮಂಟೇಸ್ವಾಮಿ ತಿಪ್ಪೆಯ ಪಾಲಾಗುತ್ತಾರೆ. ಆಮೇಲೆ ಬಸವಣ್ಣನೇ ನೀಲಮ್ಮನೊಡನೆ ಹುಡುಕಿಕೊಂಡು ಬರಬೇಕಾಗುತ್ತದೆ.

ನಮ್ಮ ಮನೆಯ ಯಾವ ಕಾರ್ಯವೇ ಇರಲಿ, ಎಲ್ಲರ ಊಟವಾದ ಮೇಲೆ ಅವ್ವ ಬೀದಿ ಬಾಗಿಲಿಗೆ ಹೋಗಿ ಎರಡೂ ಕಡೆ ನೋಡುತ್ತಿದ್ದಳು. "ವಸಿ ತಡೀರವ್ವ, ಆಚೆಗೆ ಯಾರಾರ ಅವ್ರಾ ನೋಡ್ಬುಟ್ ಬತ್ತೀನಿ" ಎನ್ನುವುದು ಅವಳ ಮಾತು. ಬಡಿಸಿ ಸುಸ್ತಾದ ನಾವು ರೇಗುತ್ತಿದ್ದೆವು. ಅವಳು ನೋಡದೆ ಎಲೆಗೆ ಕೂತದ್ದನ್ನು ನಾನು ಕಾಣೆ.

ಬನದ ಹುಣ್ಣಿಮೆಗೆ ಕಾವೇರಿಯಾಚೆ, ಕೊಳ್ಳೇಗಾಲ ಸೀಮೆಯಲ್ಲಿ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ. ಐದು ದಿನದ ಸೇವೆ. ಮೊದಲ ರಾತ್ರಿ ಚಂದ್ರಮಂಡಲ ಉರಿಯುತ್ತದೆ. ನಾಲ್ಕನೆಯ ದಿನ ಪಂಕ್ತಿಸೇವೆ. ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದವರು ಬಿಡಾರ ಹಾಕಿ, ಅಡುಗೆ ಮಾಡಿ, ಯಾವ ಜಾತಿ ಎಂದು ಕೇಳದೆ ಕರೆದು ಕೂರಿಸಿ ಉಣ್ಣಿಸುತ್ತಾರೆ. ನಮ್ಮೂರಿನ ಮದುವೆ ಪಂಕ್ತಿಗಳು ಹಾಗಿರಲಿಲ್ಲ. ಕೆಲವರಿಗೆ ಚಪ್ಪರದ ಹೊರಗೇ ಎಲೆ ಬೀಳುತ್ತಿತ್ತು. ಇದು ನಾಚಿಕೆಯ ಸಂಗತಿ, ಬರೆಯದೆ ಬಿಡಬಾರದು. ಊರಿನ ಕಟ್ಟಳೆಯನ್ನು ಒಬ್ಬಳೇ ಮುರಿಯುವ ಶಕ್ತಿ ಅವ್ವನಿಗೆ ಇರಲಿಲ್ಲ. ಆದರೆ ಅಕ್ಕನ ಮದುವೆಯಲ್ಲಿ, "ನಮ್ಮ ಚಪ್ರದಲ್ಲಿ ಒಂದೇ ಪಂಕ್ತಿ, ಚಿಕ್ಕಲ್ಲೂರ್ನಲ್ಲಿ ಉಂಡಂಗೆ" ಎಂದು ಅಪ್ಪನ ಎದುರು ನಿಂತಳು. ಕೆಲವು ನೆಂಟರು ಉಣ್ಣದೆ ಎದ್ದು ಹೋದರು. ಅವಳು ಕರೆಯಲಿಲ್ಲ. ನನ್ನ ಕಣ್ಣಿಗೆ ಅವಳ ಬದುಕಿನ ದೊಡ್ಡ ಪೂಜೆ ಅದೇ.

ಅವ್ವ ಮದುವೆಯಾಗಿ ಬಂದದ್ದು ಮದ್ದೂರು ತಾಲ್ಲೂಕಿಗೆ, ಶಿಂಷಾ ಹೊಳೆಯ ಮಗ್ಗುಲಿಗೆ. ಹೊಳೆ ಆಂಜನೇಯನಿಗೆ ಶನಿವಾರದ ಎಣ್ಣೆ ತಪ್ಪಿಸುತ್ತಿರಲಿಲ್ಲ. ಊರಿನಲ್ಲಿ ಹೆಂಗಸರ ಹಾಲಿನ ಸಂಘವಾದಾಗ ಓದು ಬಾರದ ಅವಳನ್ನೇ ನಿರ್ದೇಶಕಿ ಮಾಡಿದರು. ಬೆಳಗಿನ ಜಾವ ಡೈರಿ ಮುಂದೆ ಸಾಲು. ಹಾಲು ಗೆಜ್ಜಲಗೆರೆಗೆ ಹೋಗಬೇಕು, ಗಾಡಿ ಕಾಯುವುದಿಲ್ಲ. ಕಡೇ ಬೀದಿಯಲ್ಲಿ ಒಂದೇ ಹಸು ಕಟ್ಟಿಕೊಂಡ ಮುದುಕಿಯೊಬ್ಬಳಿದ್ದಳು, ಅರ್ಧ ಲೀಟರಿನವಳು. ಕಾಲು ಎಳೆದುಕೊಂಡು ಬರುವುದು ತಡ. "ಕ್ಯಾನ್ ಮುಚ್ಬ್ಯಾಡಿ, ಅವ್ಳು ಬರ್ಲಿ" ಎಂದು ಅವ್ವ ಅಡ್ಡ ನಿಲ್ಲುತ್ತಿದ್ದಳು. ಹಾಲು ಡಿಗ್ರಿ ಬರದಿದ್ದರೆ ಹಸುವಿಗೆ ಹಿಂಡಿ ಕೊಟ್ಟು ಕಳಿಸುತ್ತಿದ್ದಳು. ಬಟವಾಡೆ ದಿನ ಲೆಕ್ಕ ಓದಿಸಿ ಕೇಳಿ, ಮುದುಕಿಯ ದುಡ್ಡನ್ನು ಅವಳ ಕೈಗೇ ಹಾಕಿಸುತ್ತಿದ್ದಳು.

ಕೊಕ್ಕರೆ ಬೆಳ್ಳೂರಿನ ಕಡೆ ನೆಂಟರಿದ್ದರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಮರಿ ಮಾಡುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಗೂಡಿಗೆ ಕುತ್ತು ಬರಬಾರದೆಂದು ಹುಣಸೆ ಬಡಿಯದೆ ಬಿಟ್ಟವರಿದ್ದಾರೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಎಂದು ಸಾರಿತು. ಅವ್ವನಿಗೆ ಆ ಮರದ ಒಡೆಯರ ಮೇಲೆ ಬಹಳ ಗೌರವ. ನನ್ನ ತಂಗಿಯರ ಬಾಣಂತನಗಳಲ್ಲಿ ನೀರು ಹಾಕುತ್ತಾ ಅವರ ಮಾತೇ ಆಡುತ್ತಿದ್ದಳು.

ಅಪ್ಪ ಹೋದ ಮೇಲೆ ಮಂಡ್ಯದ ನನ್ನ ಮನೆಗೆ ಬಂದಳು. ಸಕ್ಕರೆ ಕಾರ್ಖಾನೆಯ ಬೆಲ್ಲದ ವಾಸನೆ, ಪೇಟೆಯ ಗಲಾಟೆ ಮೊದಮೊದಲು ಒಗ್ಗಲಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಊರಿನವರೊಬ್ಬರನ್ನು ನೋಡಲು ಹೋದವಳು, ರೋಗಿಗೆ ಊಟ ಬರುತ್ತದೆ, ಜೊತೆಗಿದ್ದವರು ಬನ್ನು ತಿಂದು ಮಲಗುತ್ತಾರೆ ಎಂಬುದನ್ನು ಕಂಡು ಬಂದಳು. ಮಾರನೆಯ ದಿನದಿಂದ ರಾಗಿಮುದ್ದೆ, ಉಪ್ಸಾರು. ಕಾಲು ನಡೆಯುವವರೆಗೆ ತಾನೇ ಒಯ್ದಳು, ಆಮೇಲೆ ನನ್ನ ಮಗನನ್ನು ಕಳಿಸಿದಳು. ವಾಪಸ್ಸು ಬಂದವನಿಗೆ ಅವಳು ಕೇಳುತ್ತಿದ್ದುದು ಒಂದೇ: "ಮೂಲೇಲಿ ಕೂತೋರ್ಗೂ ಕೊಟ್ಯಾ?"

ಅವಳ ತಿಥಿಯ ದಿನ ಸೌಟು ಹಿಡಿದವರು ಹಾಲಿನ ಸಂಘದ ಹೆಂಗಸರು. ಮೂರನೇ ಪಂಕ್ತಿಗೆ ಸಾರು ತಳ ಕಂಡಿತು. ಯಾರನ್ನೂ ಕೇಳದೆ ಅವರೇ ಒಲೆ ಹಚ್ಚಿ ಮತ್ತೆ ಬೇಳೆ ಹಾಕಿದರು.

ಅವಳ ಹೆಸರಿನಲ್ಲಿ ಉಳಿದಿದ್ದ ಬಟವಾಡೆ ದುಡ್ಡಿಗೆ ಅಕ್ಕಿ ತೆಗೆದುಕೊಂಡು ಆ ವರ್ಷದ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋದೆವು. ಅಡುಗೆ ಅಕ್ಕನದು, ನೀರು ಹೊರುವುದು ನನ್ನದು. ಪ್ರತಿವರ್ಷ ಸಿಗುವ ನರಸೀಪುರದ ಕಡೆಯವರು ಪಕ್ಕದಲ್ಲೇ ಬಿಡಾರ ಹಾಕಿದ್ದರು. "ನಿಮ್ಮವ್ವ ಎಲ್ಲಿ, ಈ ಸಲ ಬರ್ಲಿಲ್ವಾ?" ಎಂದು ಅವರ ಮನೆಯಾಕೆ ಕೇಳಿದರು. ಅಕ್ಕ ಹೇಳಿದಳು, ಹೇಳಿ, ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆದಳು.