ಹಿತ್ತಲಿನ ಪಹರೆ

ನಮ್ಮ ಹುಂಜನ ಎಚ್ಚರಿಕೆಯ ಕೂಗು ಎರಡು ಬಗೆ. ಮುಂಗುಸಿಯೋ ನಾಯಿಯೋ ನೆಲದ ಮೇಲೆ ಬಂದರೆ ಕತ್ತು ನಿಗುರಿಸಿಕೊಂಡು ಕೊಕ್ ಕೊಕ್ ಕೊಕ್ಕೋ ಎಂದು ಬಿಡದೆ ಕೂಗುತ್ತದೆ. ಆಕಾಶದಲ್ಲಿ ಗಿಡುಗ ಕಂಡರೆ ಸಣ್ಣಗೆ ಎಳೆದ ಒಂದೇ ದನಿ. ಮೊದಲನೆಯದಕ್ಕೆ ಹೇಂಟೆಗಳು ತಲೆಯೆತ್ತಿ ನಿಲ್ಲುತ್ತವೆ, ಎರಡನೆಯದಕ್ಕೆ ಬಾಳೆಬುಡಕ್ಕೆ ನುಗ್ಗುತ್ತವೆ. ಮೊನ್ನೆ ಬೆಳಗ್ಗೆ ಆ ಎಳೆದನಿ ಕೇಳಿದ್ದೇ ತಡ, ಹೆಬ್ಬಾತು ತಲೆ ಓರೆಮಾಡಿ ಒಂದು ಕಣ್ಣಲ್ಲಿ ಮುಗಿಲು ನೋಡಿತು. ಅಡಗಲಿಲ್ಲ. ರೆಕ್ಕೆ ಅಗಲಿಸಿ ಅಂಗಳದ ನಡುವೆ ನಿಂತು ಅರಚಿತು. ಗಿಡುಗ ಅಡಿಕೆ ಮರಗಳ ಮೇಲಿಂದಲೇ ಹೊರಳಿ ಹೋಯಿತು. ಆ ಖುಷಿ ನನಗಿನ್ನೂ ಇಳಿದಿಲ್ಲ.

ಈ ಹೆಬ್ಬಾತನ್ನು ನಾನು ಸಂತೆಯಿಂದ ತಂದದ್ದಲ್ಲ, ಹೇಂಟೆಯ ಹೊಟ್ಟೆಯಡಿಯಲ್ಲಿ ಮರಿ ಮಾಡಿಸಿದ್ದು. ಕೋಳಿಮೊಟ್ಟೆಗೆ 21 ದಿನ ಕಾವು ಸಾಕು, ಹೆಬ್ಬಾತಿನದಕ್ಕೆ 28ರಿಂದ 30 ದಿನ ಬೇಕು. ಆದ್ದರಿಂದ ಹೆಬ್ಬಾತಿನ ಮೊಟ್ಟೆಯನ್ನು ಎಂಟೊಂಬತ್ತು ದಿನ ಮೊದಲೇ ಇಟ್ಟು, ಆಮೇಲೆ ಕೋಳಿಮೊಟ್ಟೆ ಸೇರಿಸಬೇಕು. ಆ ಭಾರದ ಮೊಟ್ಟೆಯನ್ನು ಹೇಂಟೆ ತಿರುಗಿಸಲಾರದು. ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನ ಗೆರೆ ಎಳೆದಿಟ್ಟು, ಹೇಂಟೆ ಮೇವಿಗೆ ಎದ್ದಾಗಲೆಲ್ಲ ನಾನೇ ತಿರುಗಿಸುತ್ತೇನೆ. ಕಡೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತೇನೆ. ಹೆಬ್ಬಾತಿನ ಮರಿ ಮೊದಲು ಯಾರ ಬೆನ್ನು ಹತ್ತುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ ಎಂಬುದನ್ನು ವಿಜ್ಞಾನಿ ಕಾನ್ರಾಡ್ ಲೊರೆಂಜ್ ಅಂಥ ಮರಿಗಳನ್ನು ತನ್ನ ಹಿಂದೆಯೇ ನಡೆಸಿಕೊಂಡು ತೋರಿಸಿದ್ದರು. 1973ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಒಂದೇ ಮರಿ ಇರಲಿ ಎಂಬುದು ನನ್ನ ಹಟ. ಎರಡಾದರೆ ಅವೆರಡೇ ಜೋಡಿಯಾಗಿ ತಿರುಗುತ್ತವೆ, ಕೋಳಿಗಳ ಗೊಡವೆ ಅವಕ್ಕೆ ಬೇಡ.

ಗಿನಿಕೋಳಿ ಒಂದಿದ್ದರೆ ಸಾಕು ಎನ್ನುವವರ ಜೊತೆ ನನಗೆ ಹಳೆಯ ತಕರಾರಿದೆ. ಅದರ ಕಿವಿ, ಕಣ್ಣು ಚುರುಕು, ಒಪ್ಪಿದೆ. ಆದರೆ ಅದು ಅಪರಿಚಿತ ಕೊಡೆಗೂ ಕಿರುಚುತ್ತದೆ, ಹಾವಿಗೂ ಕಿರುಚುತ್ತದೆ. ಸಂಜೆಯಾದರೆ ಗೂಡು ಬಿಟ್ಟು ಮರ ಹತ್ತುತ್ತದೆ. ಕೂಗುವುದು ಬೇರೆ, ಕಾಯುವುದು ಬೇರೆ ಎಂದು ಎಷ್ಟು ಹೇಳಿದರೂ ಇವರಿಗೆ ಹಿಡಿಸುವುದಿಲ್ಲ.

ಅದಕ್ಕಿಂತ ನನಗೆ ಸಿಟ್ಟು ಬರುವುದು ಕೋಳಿ ಕಾಯಲು ಮುಧೋಳ ನಾಯಿ ತರುವವರ ಮೇಲೆ. ಬಯಲಲ್ಲಿ ಮೊಲದ ಹಿಂದೆ ಓಡಲೆಂದು ತಲೆತಲಾಂತರದಿಂದ ಸಾಕಿದ ತಳಿ ಅದು. ಕಣ್ಣೆದುರು ಪಟಪಟನೆ ಏನೇ ಓಡಿದರೂ ಅದರ ಕಾಲು ನಿಲ್ಲುವುದಿಲ್ಲ. ಹೇಂಟೆಯೊಂದು ಹೋದ ದಿನ ಅದಕ್ಕೆ ಬಡಿಯುತ್ತಾರೆ; ಸತ್ತ ಕೋಳಿಯನ್ನೇ ಅದರ ಕೊರಳಿಗೆ ಕಟ್ಟುವವರೂ ಇದ್ದಾರೆ. ಯಾವ ಪಾಪಕ್ಕೆ? ಓಡುವುದನ್ನೇ ಹೇಳಿಕೊಟ್ಟು ಬೆಳೆಸಿ, ಓಡಿದ್ದಕ್ಕೆ ಹೊಡೆಯುವುದು ಕ್ರೌರ್ಯ. ನಾಯಿಯೇ ಬೇಕೆಂದರೆ ಬೀದಿಯ ನಾಟಿಮರಿಯೊಂದನ್ನು ಕಣ್ಣು ಬಿಟ್ಟ ಕೆಲವೇ ವಾರಗಳಲ್ಲಿ ತಂದು ಕೋಳಿಗೂಡಿನ ಪಕ್ಕದಲ್ಲೇ ಬೆಳೆಸಲಿ. ಒಂದೆರಡು ವರ್ಷ ಕಣ್ಣಿಟ್ಟಿರಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ನಾಯಿ ಬೇಡ.

ರಾತ್ರಿಯ ಮಾತೇ ಬೇರೆ. ಪುನುಗು ಬೆಕ್ಕು ಮಾಡಿನಿಂದ ಇಳಿಯುತ್ತದೆ, ಮುಂಗುಸಿ ಬೆಳಕು ಹರಿಯುತ್ತಲೇ ಬಂದು ಸಂದಿ ಹುಡುಕುತ್ತದೆ. ಆಗ ಒತ್ತಾಗಿ ಹೆಣೆದ ಜಾಲರಿಯೂ ಚಿಲಕವೂ ಬೇಕೇ ಬೇಕು.

ಹಗಲಿಗೆ ನಾವು ಸಾಕದೆಯೂ ಸಿಗುವ ಕಾವಲುಗಾರನೊಬ್ಬನಿದ್ದಾನೆ, ಕಾಜಾಣ. ಗುಬ್ಬಿಗಿಂತ ದೊಡ್ಡ ಮೈಯ, ಸೀಳುಬಾಲದ ಈ ಕರಿಹಕ್ಕಿ ಗೂಡು ಕಟ್ಟಿರುವಾಗ ಕಾಗೆ, ಹದ್ದು, ಗಿಡುಗ ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಹದ್ದಿನ ಬೆನ್ನಟ್ಟಿ ಮೇಲಿಂದ ಎರಗಿ ಕುಕ್ಕುತ್ತದೆ. ಅದಕ್ಕೇ ಬೆಳವ, ಪಿಕಳಾರಗಳು ಅದರ ಮರದಲ್ಲೇ ಗೂಡು ಮಾಡಿಕೊಳ್ಳುತ್ತವೆ. ಗದ್ದೆಯ ಹುಳು ತಿನ್ನಲಿ ಎಂದು ರೈತರು ನೆಡುವ ಬಿದಿರಿನ ಅಡ್ಡಗೋಲುಗಳನ್ನೇ ನಾನು ಅಂಗಳದ ಬದಿಗೆ ನೆಟ್ಟಿದ್ದೇನೆ. ಕಾಜಾಣ ದಿನವಿಡೀ ಅಲ್ಲೇ ಕೂರುತ್ತದೆ. ಈಗ ಅಂಗಳದಂಚಿನ ಮಾವಿನಲ್ಲಿ ಅದರ ಗೂಡಿದೆ. ಮರ ಸವರಲು ಬಂದವರನ್ನು ಮಳೆಗಾಲ ಕಳೆದ ಮೇಲೆ ಬನ್ನಿ ಎಂದು ಕಳಿಸಿದ್ದೇನೆ.