ಆಕಾಶಗಂಗೆಯ ರೈಲು

ಜಪಾನ್ ದೇಶದ ಈಶಾನ್ಯದಲ್ಲಿ ಇವಾತೆ ಎಂಬ ಸೀಮೆಯುಂಟು. ಬೆಟ್ಟಗಳಿಂದ ಕೂಡಿದ, ಚಳಿ ಹೆಚ್ಚಾದ ನಾಡು ಅದು. 1910ರ ದಶಕದಲ್ಲಿ ಅಲ್ಲಿಯ ಹನಮಾಕಿ ಎಂಬ ಊರಿನಿಂದ ಕಿರಿದಾದ ಹಳಿಗಳ ಮೇಲೆ ಪುಟ್ಟ ಉಗಿಬಂಡಿಯೊಂದು ಓಡತೊಡಗಿತು. ಆ ಊರಿನ ಉಪಾಧ್ಯಾಯರಾಗಿದ್ದ ಮಿಯಾಝಾವಾ ಕೆಂಜಿ ಎಂಬ ಕವಿ, ಅಂತಹ ಬಂಡಿಯೊಂದನ್ನು ತಮ್ಮ ಕಥೆಯಲ್ಲಿ ಆಕಾಶಗಂಗೆಯ ದಡದುದ್ದಕ್ಕೂ ಓಡಿಸಿದರು.

ಆ ಕಥೆ ಹುಟ್ಟಿದ್ದು ಶೋಕದಿಂದ. 1922ರಲ್ಲಿ ಅವರ ಪ್ರೀತಿಯ ತಂಗಿ ತೋಷಿ ಇಪ್ಪತ್ತನಾಲ್ಕರ ಹರೆಯದಲ್ಲಿ ತೀರಿಕೊಂಡಳು. ಮರುವರ್ಷದ ಬೇಸಗೆಯಲ್ಲಿ ಶಿಷ್ಯನೊಬ್ಬನಿಗೆ ಕೆಲಸ ಕೇಳುವುದಕ್ಕಾಗಿ ಕೆಂಜಿ ರೈಲಿನಲ್ಲಿಯೂ ಹಡಗಿನಲ್ಲಿಯೂ ಉತ್ತರದ ಸಖಾಲಿನ್ ದ್ವೀಪದವರೆಗೆ ಹೋದರು. ಅಗಲಿದವಳು ಎಲ್ಲಿಗೆ ಹೋದಳು ಎಂಬ ಪ್ರಶ್ನೆ ದಾರಿಯುದ್ದಕ್ಕೂ ಅವರನ್ನು ಕಾಡಿತು. ಕಥೆಯನ್ನು ಬರೆಯತೊಡಗಿದ್ದು ಆ ಬಳಿಕ. ಅದನ್ನು ಹಲವು ವರ್ಷಗಳ ಕಾಲ ತಿದ್ದುತ್ತಲೇ ಇದ್ದರು.

ಕಥೆಯ ಹುಡುಗ ಜೊವಾನ್ನಿ ಬಡವ. ತಾಯಿ ರೋಗಿ, ಮೀನುಗಾರಿಕೆಗೆಂದು ದೂರದ ಕಡಲಿಗೆ ಹೋದ ತಂದೆ ಮರಳಿಲ್ಲ. ಶಾಲೆ ಬಿಟ್ಟೊಡನೆ ಅವನು ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು ಆಯ್ದುಕೊಟ್ಟು ಕಾಸು ಸಂಪಾದಿಸುತ್ತಾನೆ. ನಕ್ಷತ್ರಗಳ ಹಬ್ಬದ ರಾತ್ರಿ ತಾಯಿಗೆ ಹಾಲು ತರಲು ಹೊರಟವನು ಒಂಟಿಯಾಗಿ ಗುಡ್ಡದ ಮೇಲೆ ಮಲಗುತ್ತಾನೆ. ಕಣ್ಣು ಬಿಟ್ಟು ನೋಡಿದರೆ ರೈಲಿನೊಳಗಿದ್ದಾನೆ! ಎದುರಿಗೆ ಗೆಳೆಯ ಕಂಪನೆಲ್ಲ ಕುಳಿತಿದ್ದಾನೆ. ಅವನ ಅಂಗಿ ನೀರಿನಲ್ಲಿ ನೆಂದಂತಿದೆ.

ರೈಲು ರಾಜಹಂಸ ನಕ್ಷತ್ರಪುಂಜದಿಂದ ದಕ್ಷಿಣದ ತ್ರಿಶಂಕುವಿನತ್ತ ಸಾಗುತ್ತದೆ. ಅದರಲ್ಲಿ ಕಲ್ಲಿದ್ದಲು ಉರಿಯುತ್ತಿಲ್ಲವೆಂದು ಜೊವಾನ್ನಿಗೆ ಅಚ್ಚರಿ. ಹಿಮಗಡ್ಡೆಗೆ ತಾಗಿ ಮುಳುಗಿದ ಹಡಗಿನ ಮಕ್ಕಳೂ ಅದನ್ನೇರುತ್ತಾರೆ. ಚೀಟಿ ತೋರಿಸುವ ಸಮಯ ಬಂದಾಗ ಜೊವಾನ್ನಿಯ ಜೇಬಿನಲ್ಲಿ ಮಡಿಸಿದ ಹಸಿರು ಕಾಗದವೊಂದು ಸಿಗುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಲ್ಲ ಚೀಟಿ ಅದು!

ದೂರದಲ್ಲಿ ಜ್ಯೇಷ್ಠಾ ನಕ್ಷತ್ರದ ಕೆಂಪು ಬೆಂಕಿ ಕಾಣುತ್ತದೆ. ಹಡಗಿನ ಹುಡುಗಿ ಅದರ ಕಥೆ ಹೇಳುತ್ತಾಳೆ. ಚೇಳೊಂದು ಬೇಟೆಯ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಓಡಿ ಬಾವಿಗೆ ಬಿತ್ತು. ಹಸಿದ ಜೀವಿಗೆ ಆಹಾರವಾಗದೆ ವ್ಯರ್ಥವಾಗಿ ಸಾಯುತ್ತಿರುವೆನಲ್ಲಾ ಎಂದು ಮರುಗಿತು. ಆಗ ಅದರ ದೇಹ ಇರುಳಿಗೆ ಬೆಳಕಾಗಿ ಉರಿಯತೊಡಗಿತು. ತಾನೂ ಎಲ್ಲರ ಸುಖಕ್ಕಾಗಿ ಹಾಗೆ ಉರಿಯಲು ಸಿದ್ಧನೆಂದು ಜೊವಾನ್ನಿ ಗೆಳೆಯನಿಗೆ ಹೇಳುತ್ತಾನೆ. ತುಸು ಹೊತ್ತಿನಲ್ಲಿ ಗೆಳೆಯನ ಆಸನ ಬರಿದಾಗಿರುತ್ತದೆ.

ಎಚ್ಚರಗೊಂಡು, ಹಾಲು ಪಡೆದು ಹೊಳೆಯ ಬಳಿಗೆ ಬಂದಾಗ ಸುದ್ದಿ ತಿಳಿಯುತ್ತದೆ. ನೀರಿಗೆ ಬಿದ್ದ ಸಹಪಾಠಿಯನ್ನು ಉಳಿಸಲು ಧುಮುಕಿದ ಕಂಪನೆಲ್ಲ ಮೇಲೆ ಬರಲಿಲ್ಲ. ಅವನ ತಂದೆ ಗಡಿಯಾರ ಹಿಡಿದು ನಿಂತಿದ್ದಾನೆ. ನಲವತ್ತೈದು ನಿಮಿಷಗಳು ಕಳೆದಿವೆ. ಆ ದುಃಖದಲ್ಲಿಯೂ ಅವನು ಜೊವಾನ್ನಿಯ ತಂದೆ ಬರಲಿರುವ ಸುದ್ದಿಯನ್ನು ತಿಳಿಸುತ್ತಾನೆ. ಮಾತು ಹೊರಡದೆ ಹುಡುಗ ಹಾಲಿನೊಂದಿಗೆ ಮನೆಯತ್ತ ಓಡುತ್ತಾನೆ.

ಕೆಂಜಿ ತಾವು ಬರೆದಂತೆಯೇ ಬಾಳಿದರು. 1926ರಲ್ಲಿ ಉದ್ಯೋಗ ತೊರೆದು ರೈತರ ನಡುವೆ ನೆಲಸಿದರು. ಗೊಬ್ಬರದ ವಿಷಯದಲ್ಲಿ ಅವರಿಗೆ ಸಲಹೆ ನೀಡಿದರು. 1933ರ ಸೆಪ್ಟೆಂಬರ್ 20ರ ಸಂಜೆ ರೈತನೊಬ್ಬ ಗೊಬ್ಬರದ ಬಗೆಗೆ ಕೇಳಲು ಬಂದನು. ಕಾಯಿಲೆಯಿಂದ ಬಳಲುತ್ತಿದ್ದ ಕೆಂಜಿ ಹಾಸಿಗೆಯಿಂದೆದ್ದು ಬಂದು ತಾಳ್ಮೆಯಿಂದ ವಿವರಿಸಿದರು. ಮರುದಿನ ತೀರಿಕೊಂಡರು. ಆಗ ಅವರಿಗೆ ಮೂವತ್ತೇಳು ವರ್ಷ. ಕಥೆ ಅಚ್ಚಾದದ್ದು 1934ರಲ್ಲಿ.

2011ರ ಸುನಾಮಿಯಿಂದ ನೊಂದ ಕರಾವಳಿಗೆ ನೆರವಾಗಲೆಂದು 2014ರಲ್ಲಿ ಹನಮಾಕಿಯಿಂದ ಕಮೈಷಿಗೆ ಹಳೆಯ ಉಗಿ ಎಂಜಿನ್ನಿನ ರೈಲೊಂದನ್ನು ಓಡಿಸಿದರು. ಅದಕ್ಕಿಟ್ಟ ಹೆಸರು ‘ಗಿಂಗ’, ಎಂದರೆ ಆಕಾಶಗಂಗೆ. 2023ರಲ್ಲಿ ಆ ರೈಲು ನಿಂತಿತು. ಹಾಲು ಹಿಡಿದ ಹುಡುಗನಾದರೋ, ಓದುವವರ ಕಣ್ಣ ಮುಂದೆ ಇಂದಿಗೂ ಓಡುತ್ತಿದ್ದಾನೆ.